ಸುಮಲತಾಳಿಗೆ ಒಂದು ವರ

ಬೆಂಕಿಯ ಸೈರನ್ ಹೊಡೆದುಕೊಂಡಾಗ ಭೂಮಿಕಾ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಹಾಗೇ ಮೇಲೊಂದು ಕೋಟು ಹಾಕಿಕೊಂಡು ಓಡಿದಳು. ಹಾಸ್ಟೆಲಿನವರೆಲ್ಲ ಹವಾಯಿ ಚಪ್ಪಲಿಯಲ್ಲೇ ಹಿಮದ ಮೇಲೆ ನಿಂತು, ತಮ್ಮ ತಮ್ಮ ಭಾಷೆಯಲ್ಲಿ ಗೊಣಗುತ್ತಿದ್ದರು. ಬೆಂಕಿ ಎಲ್ಲೂ ಇರಲಿಲ್ಲ. ಮೇಲಿನ ಅಡುಗೆಮನೆಯಲ್ಲಿ ಯಾರೋ ಒಣಮೆಣಸಿನಕಾಯಿ ಒಗ್ಗರಣೆ ಸೀಯಿಸಿದ್ದರು. ಕೈಯಲ್ಲಿ ಬಾಣಲೆ ಹಿಡಿದು ಎಲ್ಲರ ಕ್ಷಮೆ ಕೇಳುತ್ತಿದ್ದ ಹುಡುಗನನ್ನು ಭೂಮಿಕಾ ದೂರದಿಂದಲೇ ಗುರುತಿಸಿದಳು. ತಂಬ್ರಹಳ್ಳಿಯ ಗವಿಸಿದ್ದೇಶ್. ಕೆಲವು ದಿನಗಳಿಂದ ಅವಳು ಅವನ ಮೇಲೆ ಕಣ್ಣಿಟ್ಟಿದ್ದಳು.

ಆ ಕೆಲಸ ಒಪ್ಪಿಸಿದವರು ಕೊಟ್ಟೂರಿನ ನಾಗಲಿಂಗಮ್ಮ, ಭೂಮಿಕಾಳ ತಾಯಿ ಶಿವಲೀಲಾಗೆ ದೂರದ ಸಂಬಂಧದಲ್ಲಿ ಅತ್ತೆ. ಸಣ್ಣವಳಿದ್ದಾಗ ಯಾವುದೋ ಮದುವೆಯಲ್ಲಿ ನೋಡಿದ್ದು ಬಿಟ್ಟರೆ ಭೂಮಿಕಾಗೆ ಅವರ ಪರಿಚಯವಿರಲಿಲ್ಲ. ಅವಳು ಎಂ.ಎಸ್ಸಿ. ಓದಲು ಎಸ್ಟೋನಿಯಾದ ತಾರ್ತು ಊರಿಗೆ ಬಂದ ಮೇಲೆ ಅವರೇ ವಾಟ್ಸಾಪಿನಲ್ಲಿ ಮಾತಾಡಿದರು. ಮನೆಯಲ್ಲಿ ಸುಮಲತಾ ಎಂಬ ಮೊಮ್ಮಗಳಿದ್ದಾಳೆ ಎಂದರು. ತಂಬ್ರಹಳ್ಳಿಯ ಪರಿಚಯದ ಮನೆಯ ಹುಡುಗನೊಬ್ಬ ಅದೇ ಹಾಸ್ಟೆಲಿನಲ್ಲಿದ್ದಾನೆ ಎಂದರು.

"ನಮ್ಮ ಹುಡುಗಿಗೆ ಅಂತ ಮನಸ್ಸಿನ್ಯಾಗ ಇಟ್ಕೊಂಡೀವವ್ವ. ಹೆಂಗದಾನ ನೋಡಿ ಹೇಳು. ಅವನ ಮುಂದಂತೂ ಬಾಯಿ ಬಿಡಬ್ಯಾಡ."

ಭೂಮಿಕಾ ಖುಷಿಯಿಂದಲೇ ಒಪ್ಪಿದಳು. ಗಂಡುಗಳಲ್ಲಿ ಹುಳುಕು ಹುಡುಕುವುದರಲ್ಲಿ ಅವಳ ಕೈ ಪಳಗಿತ್ತು. ಹಡಗಲಿಯ ಮನೆಗೆ ತನ್ನನ್ನು ನೋಡಲು ಬಂದ ವರಗಳನ್ನು, ಒಬ್ಬನಿಗೆ ಗತ್ತು, ಇನ್ನೊಬ್ಬನಿಗೆ ಪೆಚ್ಚು ನಗೆ ಎಂದು ತಳ್ಳಿಹಾಕಿಯೇ ವಿಮಾನ ಹತ್ತಿದ್ದಳು. ಇಲ್ಲಿಗೆ ಬಂದ ಮೇಲೂ ತಾಯಿ ಆ ಮಾತು ತೆಗೆದರೆ ಫೋನ್ ಕಟ್ ಮಾಡುತ್ತಿದ್ದಳು. ಈಚೆಗೆ ಶಿವಲೀಲಾ ಮದುವೆಯ ಸುದ್ದಿಯನ್ನೇ ಬಿಟ್ಟಿದ್ದರು. ಗೆದ್ದೆ ಎಂದುಕೊಂಡಿದ್ದಳು ಭೂಮಿಕಾ.

ಸೈರನ್ನಿನ ಕಥೆಯನ್ನು ಅಂದೇ ಕೊಟ್ಟೂರಿಗೆ ಮುಟ್ಟಿಸಿ, ಹುಡುಗನಿಗೆ ಜವಾಬ್ದಾರಿ ಇಲ್ಲ ಎಂದಳು. ಅಡುಗೆಮನೆಗೆ ಕಾಲಿಡುತ್ತಾನೆ ಎಂದಾಯಿತಲ್ಲ ಎಂದರು ನಾಗಲಿಂಗಮ್ಮ. ದೂರದಿಂದ ನೋಡಿದರೆ ಏನು ತಿಳಿಯುತ್ತದೆ, ಮಾತಾಡಿಸಿ ನೋಡು ಎಂದೂ ಸೇರಿಸಿದರು.

ಮಾತಾಡಿಸಿದಳು. ಮಧ್ಯಾಹ್ನ ಮುಗಿಯುವ ಮೊದಲೇ ಕತ್ತಲಾಗುವ ಆ ಚಳಿಗಾಲದಲ್ಲಿ ಊರಿನ ಮಾತು ಆಡುವವರು ಬೇರೆ ಯಾರೂ ಇರಲಿಲ್ಲ. ಅವನ ಅನ್ನ, ಇವಳ ಸಾರು ಒಂದೇ ಮೇಜಿಗೆ ಬರಲು ತಡವಾಗಲಿಲ್ಲ.

ಜನವರಿಯ ಪರೀಕ್ಷೆಯಲ್ಲಿ ಭೂಮಿಕಾ ಸಂಖ್ಯಾಶಾಸ್ತ್ರದಲ್ಲಿ ಫೇಲಾದಳು. ಮನೆಗೆ ಹೇಳಲಿಲ್ಲ. ಬಟ್ಟೆ ಒಗೆಯುವ ಮಷೀನಿನ ಮುಂದೆ ಕುಳಿತು ಅಳುವಾಗ ಗವಿಸಿದ್ದೇಶನ ಕಣ್ಣಿಗೆ ಬಿದ್ದಳು. ಅವನು ಸಮಾಧಾನ ಹೇಳಲಿಲ್ಲ. ತಾನು ರಸಾಯನಶಾಸ್ತ್ರದವನು, ಆ ಪುಸ್ತಕದಲ್ಲಿ ಅಂಥದ್ದೇನಿದೆ ತನಗೂ ಒಂದಿಷ್ಟು ಹೇಳಿಕೊಡು ಎಂದ. ಮರುಪರೀಕ್ಷೆಯವರೆಗೆ ಲೈಬ್ರರಿಯಲ್ಲಿ ಅವಳು ಹೇಳಿದಳು, ಅವನು ಪೆದ್ದು ಪೆದ್ದು ಪ್ರಶ್ನೆ ಕೇಳಿದ. ಅವನಿಗೆ ತಿಳಿಯುವ ಹಾಗೆ ಹೇಳುವಷ್ಟರಲ್ಲಿ ಅವಳಿಗೇ ತಿಳಿದಿತ್ತು. ಪಾಸಾದಳು.

ಇದನ್ನು ಮಾತ್ರ ಕೊಟ್ಟೂರಿಗೆ ಹೇಳಲಿಲ್ಲ. ಬದಲಿಗೆ, ಸುಮಲತಾ ಎಂಥ ಹುಡುಗಿ ಎಂದು ಕೇಳಿದಳು.

"ಏನ್ ಹೇಳ್ಲವ್ವ. ಇನ್ನಾ ಓದಾಕ ಹತ್ಯಾಳ. ಲೆಕ್ಕ ಅಂದ್ರ ಅಳ್ತಾಳ. ಸಿಟ್ಟು ಬಂದ್ರ ಕೈಗೆ ಸಿಕ್ಕಿದ್ದು ಒಗೀತಾಳ. ಒಂದು ತುತ್ತು ಉಣ್ಣಬೇಕಂದ್ರ ಮನಿಮಂದಿ ಎಲ್ಲಾ ಹಿಂದ ತಿರುಗಬೇಕು."

ಇಂಥವಳ ಕೈಗೆ ಗವಿಸಿದ್ದೇಶನೇ? ಅಂದಿನಿಂದ ಅವಳ ವರದಿಯ ಧಾಟಿ ಬದಲಾಯಿತು. ಹುಡುಗ ಗೊರಕೆ ಹೊಡೆಯುತ್ತಾನಂತೆ. ಮುಂದಲೆಯ ಕೂದಲು ಉದುರುತ್ತಿದೆಯಂತೆ. ಊರಿಗೆ ಮರಳುವ ಯೋಚನೆಯೇ ಇಲ್ಲವಂತೆ. ನಾಗಲಿಂಗಮ್ಮ ಎಲ್ಲ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಕೇಳುತ್ತಿದ್ದರು. "ಅದಿರ್ಲಿ, ನಿನಗ ಹೆಂಗ ಅನಸ್ತೈತಿ?"

ಆಗೆಲ್ಲ ಅವಳು ಓದುವುದಿದೆ ಎಂದು ಫೋನ್ ಇಡುತ್ತಿದ್ದಳು.

ನದಿಯ ಮಂಜುಗಡ್ಡೆ ಕರಗಿದ ಮೇಲೆ ಒಂದು ಸಂಜೆ, ಸೇತುವೆಯ ಮೇಲೆ ಗವಿಸಿದ್ದೇಶ್ ಕೇಳಿಯೇಬಿಟ್ಟ. "ಮನ್ಯಾಗ ಮಾತಾಡ್ಲೇನು?" ಹೂಂ ಎನ್ನಲು ಹೋದವಳು ತಡೆದಳು. ಊರಲ್ಲಿ ಒಬ್ಬರನ್ನು ಕಂಡು ಬರುವವರೆಗೆ ಕಾಯಬೇಕೆಂದಳು. ಯಾರನ್ನು ಎಂದು ಅವನು ಕೇಳಲಿಲ್ಲ. ಅದರಿಂದ ಅವಳ ಸಂಕಟ ಇನ್ನಷ್ಟು ಹೆಚ್ಚಿತು.

ಜೂನಿನಲ್ಲಿ ಊರಿಗೆ ಬಂದವಳು, ಗೆಳತಿಯನ್ನು ನೋಡಿ ಬರುತ್ತೇನೆಂದು ಸುಳ್ಳು ಹೇಳಿ ಕೊಟ್ಟೂರಿನ ಬಸ್ಸು ಹತ್ತಿದಳು. ಯಾವ ಗೆಳತಿ ಎಂದು ಶಿವಲೀಲಾ ವಿಚಾರಿಸಲಿಲ್ಲ.

ನಾಗಲಿಂಗಮ್ಮ ಒಗ್ಗರಣೆ ಮಂಡಕ್ಕಿ, ಚಹಾ ತಂದಿಟ್ಟರು. ಭೂಮಿಕಾ ಮುಟ್ಟಲಿಲ್ಲ. ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಕೊಂಡಳು. ಗೊರಕೆ ಸುಳ್ಳು, ಕೂದಲೂ ಸುಳ್ಳು. ಅವನಂಥವನು ಸಿಗುವುದು ಕಷ್ಟ, ಅದಕ್ಕೇ ಬಿಟ್ಟುಕೊಡಲು ತನ್ನಿಂದಾಗುತ್ತಿಲ್ಲ. ನಂಬಿ ಹೇಳಿದ ಕೆಲಸದಲ್ಲಿ ಮೋಸ ಮಾಡಿದ್ದೇನೆ, ಒಬ್ಬ ಹುಡುಗಿಯ ಗಂಡನನ್ನು ಕಸಿದುಕೊಂಡಿದ್ದೇನೆ ಎಂದಳು.

ಅಜ್ಜಿ ಬಹಳ ಹೊತ್ತು ಬಾಯಿಗೆ ಸೆರಗು ಅಡ್ಡ ಹಿಡಿದು ಕುಳಿತರು. ಅವರ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದು ತಿಳಿದು ಭೂಮಿಕಾಳ ಕಣ್ಣಲ್ಲೂ ನೀರಾಡಿತು. ಕೊನೆಗೆ ಅವರು ಫೋನ್ ಎತ್ತಿಕೊಂಡರು.

"ಶಿವಲೀಲಾ, ನಿನ್ನ ಮಗಳು ಬಂದು ಕುಂತಾಳ ನೋಡವ್ವ. ಎಲ್ಲಾ ಹೇಳಿದ್ಲು."

ಅಷ್ಟೇ ಹೇಳಿ ಇಟ್ಟರು. ತಾಯಿಗೂ ಗೊತ್ತಾಯಿತು, ಮನೆಯ ಮರ್ಯಾದೆಯೂ ಹೋಯಿತು ಎಂದುಕೊಂಡಳು ಭೂಮಿಕಾ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

"ಅಜ್ಜಿ, ಸುಮಲತಾನ ಕರೀರಿ. ಆಕಿ ಮುಂದ ನಾನ ಹೇಳ್ತೀನಿ. ಬೈದ್ರ ಬೈಸ್ಕೋತೀನಿ."

"ಬರೋ ಹೊತ್ತಾತು, ಕುಂದ್ರು."

ಹೊರಗೆ ವ್ಯಾನಿನ ಹಾರ್ನ್ ಕೇಳಿತು. ಬಾಗಿಲಲ್ಲಿ ಯಾರೋ ಬೂಟು ಕಳಚಿ ಒಗೆದ ಸದ್ದಾಯಿತು. ಭೂಮಿಕಾ ಕಣ್ಣೊರೆಸಿಕೊಂಡು ಎದ್ದು ನಿಂತು, ಕೈ ಜೋಡಿಸಿದಳು.

ಸುಮಲತಾ ಒಳಗೆ ಬಂದಳು. ಎರಡನೇ ಕ್ಲಾಸು, ಮುಂದಿನ ಹಾಲುಹಲ್ಲು ಬಿದ್ದಿದ್ದವು.