ನೀಲಿ ಸಾಲಿನ ಹೆಬ್ಬೆಟ್ಟು

ಧಾರವಾಡದ ಒಂದು ವೈದ್ಯಕೀಯ ಪತ್ರಿಕೆಯ ಕಚೇರಿಯಲ್ಲಿ ರಾಜೇಸಾಬ ನದಾಫ ಹನ್ನೊಂದು ವರ್ಷಗಳಿಂದ ಹೆಬ್ಬೆಟ್ಟು ಒತ್ತಿಸುವ ಕೆಲಸದಲ್ಲಿದ್ದ. ಲೇಖಕರು ಬರೆದ ಸಾಲು ಕಪ್ಪು, ಅವರಿಗೆ ನೆರವಾಗುವ ಕೃತಕ ಬುದ್ಧಿಯ ಯಂತ್ರ ಬರೆದದ್ದು ನೀಲಿ. ಪ್ರತಿ ನೀಲಿ ಸಾಲಿನ ಮೂಲವನ್ನು ತಾವೇ ಓದಿದ್ದೇವೆಂದು ಲೇಖಕರು ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಬೇಕು. ಒಂದು ತಪ್ಪಿದರೂ ಲೇಖನ ಅಚ್ಚಾಗದು.

ಚೇಳು ಕಡಿತದ ಚಿಕಿತ್ಸೆಯ ಬಗ್ಗೆ ಬರೆದಿದ್ದ ಡಾ. ಶಶಿಕಲಾ ಕಟಗೇರಿ ನಲವತ್ತು ಸಾಲುಗಳಿಗೆ ಸರಸರನೆ ಒತ್ತಿ, ನಲವತ್ತೊಂದನೆಯದಕ್ಕೆ ಬೆರಳು ತಡೆದರು. ಅದು ಮಕ್ಕಳಿಗೆ ಕೊಡುವ ಔಷಧದ ಪ್ರಮಾಣ.

"ಇದರ ಮೂಲ ನಾ ಓದಿಲ್ಲ, ರಾಜೇಸಾಬ."

"ಐದಕ್ಕ ಸಂಚಿಕಿ ಮುಚ್ಚತೈತ್ರಿ ಮೇಡಮ್ಮಾರ. ತಪ್ಪಿದ್ರ ಇನ್ನ ಆರು ತಿಂಗಳು. ನಿಮ್ಮ ನೌಕರಿ ಕಾಯಂ ಆಗೂದು ಇದರ ಮ್ಯಾಲ ಐತಂದ್ರಲ್ಲ? ಇದೊಂದು ಸಾಲು ಯಾರ ನೋಡ್ತಾರ?"

"ಚೇಳು ಕಡಿದ ಕೂಸಿನ ಡಾಕ್ಟರ್ ನೋಡ್ತಾನ."

ಮಷಿ ಹತ್ತಿದ ಬೆರಳಲ್ಲೇ ಅವರು ಎದುರಿನ ಗ್ರಂಥಾಲಯಕ್ಕೆ ನಡೆದರು. ರಾಜೇಸಾಬ ಗಡಿಯಾರ ನೋಡುತ್ತ ಕುಳಿತ. ಐದಕ್ಕೆ ನಾಲ್ಕು ನಿಮಿಷವಿದ್ದಾಗ ಏದುಸಿರು ಬಿಡುತ್ತ ಬಂದರು. ಯಂತ್ರ ಹೆಸರಿಸಿದ ಲೇಖನವೇನೋ ಇತ್ತು. ಆದರೆ ಅದರಲ್ಲಿದ್ದ ರೋಗಿಗಳೆಲ್ಲ ದೊಡ್ಡವರು.

ಅವನು ಮಷಿ ಪ್ಯಾಡು ಮುಂದಿಟ್ಟ. ಅವರು ಪೆನ್ನು ಕೇಳಿದರು. ನೀಲಿ ಸಾಲನ್ನು ಹೊಡೆದುಹಾಕಿ, ಕಪ್ಪು ಅಕ್ಷರದಲ್ಲಿ ಬರೆದರು: 'ಮಕ್ಕಳಿಗೆ ಎಷ್ಟು ಕೊಡಬೇಕೆಂಬುದು ನಮಗಿನ್ನೂ ಗೊತ್ತಿಲ್ಲ.'

ರಾಜೇಸಾಬ ಅದನ್ನು ಎರಡು ಸಲ ಓದಿದ. ಹನ್ನೊಂದು ವರ್ಷದಲ್ಲಿ ಇಂಥ ಸಾಲು ಅವನ ಮೇಜಿಗೆ ಬಂದಿರಲಿಲ್ಲ.

"ಇದಕ್ಕ ಹೆಬ್ಬಟ್ಟ ಬ್ಯಾಡ್ರಿ," ಎಂದು ಪ್ಯಾಡಿನ ಮುಚ್ಚಳ ಹಾಕಿದ. ಎದ್ದು ನಿಂತು, ಲೇಖನವನ್ನು ಎರಡೂ ಕೈಯಲ್ಲಿ ಹಿಡಿದು ಅಚ್ಚಿನ ಮನೆಗೆ ಒಯ್ದ.