ಮೈಯಂತೆ ಕೂರುವ ಹಾಸಿಗೆ

"ಮಲಗಿದ ಕಡೆಯಿಂದ ದೋಣಿ ಕಾಣ್ಬೇಕು," ಎಂದ ಆತ, ಬೂಟು ಬಿಚ್ಚದೆಯೇ ಮಂಚದ ಮೇಲೆ ಉದ್ದಕ್ಕೆ ಮಲಗಿ. "ಇಲ್ಲಿಂದ ಬರೀ ಗೋಡೆ."

ಲಾಡ್ಜಿನ ಒಡತಿಗೆ ಮೈಯೆಲ್ಲ ಉರಿಯಿತು. ಇದು ಮೂರನೆಯ ಕೋಣೆ. ಮೊದಲನೆಯದರಲ್ಲಿ ಫ್ಯಾನ್ ನೋಡಿ ಮುಖ ಸಿಂಡರಿಸಿದ್ದ. ಎರಡನೆಯದರಲ್ಲಿ ಸೂರು ಎತ್ತರವಾಯಿತು ಎಂದಿದ್ದ. ಸೂರು ಎತ್ತರವಾಯಿತೆಂದು ಕೋಣೆ ಬೇಡವೆಂದವನನ್ನು ಅವಳು ತನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಸಂಜೆ ಕತ್ತಲಾಗುವ ಮೊದಲೇ ಮುಂಬಾಗಿಲಿಗೆ ಚಿಲಕ ಹಾಕುತ್ತಿದ್ದುದರಿಂದ ಬೀದಿಯವರೆಲ್ಲ ಅವಳನ್ನು ಚಿಲಕದಮ್ಮ ಎನ್ನುತ್ತಿದ್ದರು. ಅವಳಿಗೆ ಬೇಸರವೇನಿಲ್ಲ, ಲಾಡ್ಜು ನಡೆಸುವವಳಿಗೆ ಚಂದದ ಹೆಸರು ಕಟ್ಟಿಕೊಂಡು ಏನಾಗಬೇಕು? ಬಾಗಿಲ ಮೇಲೆ ಫಲಕವೂ ಇತ್ತು: ಒಂಟಿಯಾಗಿ ಬಂದವರಿಗೆ ಕೋಣೆ ಇಲ್ಲ. ಒಂಟಿಯಾಗಿ ಸಮುದ್ರಕ್ಕೆ ಬರುವವರು ಯಾವ ಮನಸ್ಸಿನಲ್ಲಿ ಬಂದಿರುತ್ತಾರೋ; ಆಮೇಲೆ ಪೊಲೀಸು, ಸಾಕ್ಷಿ ಎಂದು ಅಲೆಯುವವರು ಯಾರು? ಬೀದಿಯ ಉಳಿದ ಲಾಡ್ಜುಗಳೂ ಅವಳನ್ನು ನೋಡಿಯೇ ಅಂಥ ಫಲಕ ತೂಗುಹಾಕಿದ್ದವು. ಸೀಸನ್ ಮುಗಿದು ಕೋಣೆಗಳೆಲ್ಲ ಬಿಕೋ ಎನ್ನುತ್ತಿದ್ದವೆಂದು ಇವತ್ತು ಈತನನ್ನು ಒಳಗೆ ಬಿಟ್ಟಿದ್ದಳು.

ಈಗ ಅದೇ ತಪ್ಪಾಯಿತೆನಿಸಿತು. ಐವತ್ತು ದಾಟಿದವನು. ಹೆಗಲಲ್ಲಿ ಡೈವಿಂಗ್ ಚೀಲ. ಜೊತೆಗೆ ನರಪಿಳ್ಳೆಯಿಲ್ಲ.

"ನಾಳೆ ಎಷ್ಟು ಹೊತ್ತಿಗೆ ನೀರಿಗಿಳೀತೀರಿ?" ಎಂದು ಕೇಳಿದಳು.

"ನಾನಾ? ನಂಗೆ ಈಜೇ ಬರಲ್ಲ."

ಈಜು ಬಾರದವನಿಗೆ ಡೈವಿಂಗ್ ಚೀಲ ಯಾಕೆ? ಹೋಗಿ ವಾಪಸು ಬರುವ ಗಿರಾಕಿ ಇವನಲ್ಲ.

"ನೋಡಿ, ಇಲ್ಲಿ ಕೋಣೆ ಇಲ್ಲ. ಬೇರೆ ಕಡೆ ವಿಚಾರಿಸಿ," ಎಂದು ಬಾಗಿಲು ತೋರಿಸಿದಳು.

ಆತ ಎದ್ದ. ಚೀಲ ಎತ್ತುವಾಗ ಅದರ ಜಿಪ್ ಬಿಚ್ಚಿಕೊಂಡು, ಕಾಲಿಗೆ ಹಾಕಿಕೊಳ್ಳುವ ರಬ್ಬರಿನ ರೆಕ್ಕೆಗಳು ನೆಲಕ್ಕೆ ಬಿದ್ದವು. ಹಳದಿ ಬಣ್ಣದವು. ಆತನ ಪಾದ ಅವುಗಳೊಳಗೆ ಹಿಡಿಸುವಂತಿರಲಿಲ್ಲ. ಒಂದರ ಪಟ್ಟಿ ಹರಿದಿತ್ತು. ಅಲ್ಲಿ ಕೆಂಪು ಬೂಟುಲಾಡಿ ಕಟ್ಟಿತ್ತು.

ಚಿಲಕದಮ್ಮ ಆ ಲಾಡಿಯನ್ನೇ ನೋಡುತ್ತ ನಿಂತಳು.

"ಯಾರದು?"

"ಮಗಳದು." ಆತ ಮತ್ತೆ ಮಂಚದ ಅಂಚಿಗೆ ಕುಳಿತ. "ಹೋದ ಸೀಸನ್ನಿಗೆ ಒಬ್ಳೇ ಬಂದಿದ್ಲು. ಡೈವಿಂಗಿಗೇ ಎಲ್ಲ ಖರ್ಚಾಗುತ್ತೆ, ಮಲಗೋಕೆ ಯಾವ್ದಾದ್ರೂ ಅಗ್ಗದ ಜಾಗ ನೋಡ್ಕೋತೀನಿ ಅಂದಿದ್ಲು. ರಾತ್ರಿ ಫೋನ್ ಮಾಡಿ, ಸಿಕ್ತು ಅಪ್ಪ, ಎಂಥಾ ಜಾಗ ಗೊತ್ತಾ ಅಂದ್ಲು. ಫ್ಯಾನೇ ಬೇಡ, ಅಷ್ಟು ಗಾಳಿಯಂತೆ. ಸೂರು ತಗ್ಗು, ಎದ್ರೆ ತಲೆ ತಾಗುತ್ತಂತೆ. ಮಲಗಿದ ಕಡೆಯಿಂದ್ಲೇ ದೋಣಿ ಕಾಣುತ್ತಂತೆ. ಹಾಸಿಗೆ ಹೇಗಿದೆ ಅಂದೆ. ಹಾಸಿಗೆ ಹೊಲಿಯೋನು ನಾನು, ಕೇಳದೆ ಇರೋಕಾಗಲ್ಲ. ನೀನು ಹೊಲಿದದ್ದಕ್ಕಿಂತ ಮೆತ್ತಗಿದೆ, ಮೈ ಹೇಗೋ ಹಾಗೇ ಕೂರುತ್ತೆ ಅಂತ ನಕ್ಲು."

ಆತನೂ ನಗಲು ನೋಡಿದ; ಆಗಲಿಲ್ಲ.

"ಮಾರನೇ ದಿನ ನೀರಿಗಿಳಿದೋಳು ಮೇಲೆ ಬರ್ಲಿಲ್ಲ."

ಲಾಡ್ಜಿನ ಹೆಸರನ್ನು ಮಗಳು ಹೇಳಿರಲಿಲ್ಲ. ಸಾಮಾನೆಲ್ಲ ಡೈವಿಂಗ್ ಅಂಗಡಿಯಲ್ಲೇ ಇತ್ತು. ಅಂಗಡಿಯವರು ಚೀಲ ಒಪ್ಪಿಸುವಾಗ ಒಂದು ಮಾತು ಆಡಿದ್ದರು: ಹುಡುಗಿಯ ಕಣ್ಣು ಕೆಂಪಗಿತ್ತು, ರಾತ್ರಿ ಮಲಗಿದಂತಿರಲಿಲ್ಲ, ನಿದ್ದೆಗೆಟ್ಟು ನೀರಿಗಿಳಿಯಬಾರದಿತ್ತು.

"ಆ ಮಾತು ಎದೇಲಿ ಮುಳ್ಳಾಗಿ ಕೂತಿದೆ," ಎಂದ ಆತ. "ಊರೋರಿಗೆಲ್ಲ ಹಾಸಿಗೆ ಹೊಲಿದು ಕೊಟ್ಟೋನು ನಾನು. ನನ್ನ ಮಗಳು ನಿದ್ದೆ ಇಲ್ದೆ ಹೋದ್ಲಾ? ಆ ಕೋಣೇಲಿ ಒಂದು ರಾತ್ರಿ ಮಲಗಿ ನೋಡ್ಬೇಕು. ಅಷ್ಟೇ ನಂಗೆ ಬೇಕಾಗಿರೋದು. ಈ ಬೀದೀಲಿ ನಾನು ವಿಚಾರಿಸ್ದೇ ಇರೋ ಲಾಡ್ಜು ಇನ್ಯಾವ್ದೂ ಉಳಿದಿಲ್ಲ, ನಿಮ್ಮದೇ ಕೊನೇದು."

ಚಿಲಕದಮ್ಮ ಬೀಗದ ಕೈಗಳ ಗೊಂಚಲಿನಲ್ಲಿ ಬಹಳ ಹೊತ್ತು ಏನನ್ನೋ ಹುಡುಕಿದಳು.

"ಮೇಲೊಂದು ಕೋಣೆ ಇದೆ," ಎಂದಳು. "ಬನ್ನಿ."

ಅದು ಓರೆ ಸೂರಿನ ಇಕ್ಕಟ್ಟು ಕೋಣೆ. ಒಳಗೆ ಕಾಲಿಟ್ಟವನ ತಲೆ ತೊಲೆಗೆ ಠಪ್ಪೆಂದು ಬಡಿಯಿತು. ಹಣೆ ಉಜ್ಜಿಕೊಳ್ಳುತ್ತ ಆತ ಮಗುವಿನಂತೆ ನಕ್ಕ. ಫ್ಯಾನ್ ಇರಲಿಲ್ಲ. ಕಿಟಕಿ ತೆರೆದದ್ದೇ ತಡ, ಗಾಳಿ ನುಗ್ಗಿತು. ದೂರದಲ್ಲಿ, ಮರಳ ಮೇಲೆ, ಮಗುಚಿಟ್ಟ ದೋಣಿಗಳು ಕಂಡವು.

"ಇದೇನಾ?"

"ಇದೇ."

ಆತ ಮೊಣಕೈಯಿಂದ ಹಾಸಿಗೆ ಒತ್ತಿದ. ಮುಖ ಬಾಡಿತು. "ಇದು ಕಲ್ಲಿನ ಹಾಗಿದೆಯಲ್ಲ?"

"ಇದು ಬೇರೆ. ಅವಳು ಮಲಗಿದ್ದು ಬೂರುಗದ ಹತ್ತೀದು. ಹಳೇದಾಯ್ತು ಅಂತ ಬಿಸಾಕಿದೆ."

"ಬೂರುಗ! ಹಾಗಾದ್ರೆ ಸರಿ. ಮೈ ಹೇಗೋ ಹಾಗೆ ಕೂರೋದು ಅದೇ." ಮತ್ತೆ ಕೇಳಿದ: "ಬಾಗಿಲಲ್ಲಿ ಫಲಕ ಇದೆಯಲ್ಲಮ್ಮ. ಒಂಟಿ ಹುಡುಗೀಗೆ ಹೇಗೆ ಕೊಟ್ರಿ?"

ಅವಳು ಕಿಟಕಿಯ ಕಡೆ ತಿರುಗಿದಳು. "ಮುಖ ನೋಡಿ ಕೊಟ್ಟೆ."

"ನಿದ್ದೆ ಮಾಡಿದ್ಲಾ?"

"ಬೆಳಿಗ್ಗೆ ನಾನೇ ಬಾಗಿಲು ತಟ್ಟಿ ಎಬ್ಬಿಸ್ಬೇಕಾಯ್ತು. ಅಂಥಾ ನಿದ್ದೆ."

ಆತ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಅಳು ನಿಂತ ಮೇಲೆ ಆ ಕಲ್ಲುಹಾಸಿಗೆಯ ಮೇಲೆಯೇ ಮೈಚಾಚಿದ. ಕೆಳಗಿನ ಕೋಣೆಗೂ ಆತನ ಗೊರಕೆ ಕೇಳಿಸುತ್ತಿತ್ತು. ಅದನ್ನು ಕೇಳುತ್ತಿದ್ದವಳಿಗೆ ಮಾತ್ರ ಕಣ್ಣಿಗೆ ಕಣ್ಣು ಹತ್ತಲಿಲ್ಲ.

ಬೆಳಿಗ್ಗೆ ಆತ ಬಾಡಿಗೆ ಕೊಡಲು ಬಂದಾಗ ಅವಳು ಕೈಚಾಚಲಿಲ್ಲ.

"ನನಗಿಂತ ಚೆನ್ನಾಗಿ ಹೊಲಿಯೋನು ಒಬ್ಬ ಇದ್ದಾನಲ್ಲ," ಎಂದ ಆತ. "ಅವನ ಹೊಟ್ಟೆ ತಣ್ಣಗಿರ್ಲಿ. ನಿಮ್ಮದೂ."

ಚೀಲ ಹೆಗಲಿಗೇರಿಸಿ ಹೊರಟ. ನಡಿಗೆ ಹಗುರವಾಗಿತ್ತು. ಆತ ಬೀದಿಯ ತಿರುವಿನಲ್ಲಿ ಮರೆಯಾದ ಮೇಲೆ ಚಿಲಕದಮ್ಮ ಸ್ಟೂಲು ತಂದು, ಹತ್ತಿ, ಬಾಗಿಲ ಮೇಲಿನ ಫಲಕವನ್ನು ಕಿತ್ತಳು.

ಹೋದ ಸೀಸನ್ನಿನ ಆ ಸಂಜೆ ಕೆಂಪು ಲಾಡಿಯ ಹುಡುಗಿ ಇದನ್ನೇ ಗಟ್ಟಿಯಾಗಿ ಓದಿ, ನಕ್ಕು, ಹೊಸ್ತಿಲಿಂದಲೇ ತಿರುಗಿ ಹೋಗಿದ್ದಳು. ಮಗುಚಿಟ್ಟ ದೋಣಿಯ ಕೆಳಗೆ, ಮರಳಿನ ಮೇಲೆ, ಅವಳು ಮುದುಡಿ ಮಲಗಿದ್ದನ್ನು ಚಿಲಕದಮ್ಮ ಕಿಟಕಿಯಿಂದ ಕಂಡು, ಬಾಗಿಲ ಚಿಲಕವನ್ನು ಇನ್ನೊಮ್ಮೆ ಭದ್ರಪಡಿಸಿಕೊಂಡಿದ್ದಳು.