ಹೆಸರು ಹೇಳ್ರಿ!

ಎರಡು ಸೀಟಿಗಳು ಒಟ್ಟಿಗೇ ಕೂಗಿದವು. ಈಚೆ ಗೆರೆಯ ಅಂಪೈರ್ ಅಯ್ಯಮ್ಮ "ಔಟ್!" ಎಂದು ಕೈ ಎತ್ತಿದರು. ಆಚೆ ಗೆರೆಯ ಅಂಪೈರ್ ಮೂಕಪ್ಪ ಹೆಸರಿಗೆ ತಕ್ಕವರಲ್ಲ. "ಯಾರೂ ಔಟಿಲ್ರೀ!" ಎಂದು ಮೈದಾನಕ್ಕೆಲ್ಲ ಕೇಳುವಂತೆ ಅರಚಿದರು.

ರಾಯಚೂರಿನಲ್ಲಿ ೧೯೭೯ರ ಕಬಡ್ಡಿ ಫೈನಲ್. ದೇವದುರ್ಗ, ಮಾನ್ವಿ ಸಮಸಮ. ಆಟ ಮುಗಿಯುವ ಹೊತ್ತು. ದೇವದುರ್ಗದವನು ದಾಳಿಗೆ ಬಂದಾಗ ಹಿಂದೆ ಸರಿದ ಮಾನ್ವಿಯ ಒಬ್ಬನ ಕಾಲು ಸುಣ್ಣದ ಗೆರೆ ದಾಟಿದ್ದನ್ನು ಅಯ್ಯಮ್ಮ ಕಣ್ಣಾರೆ ಕಂಡಿದ್ದರು. ಗಂಡಸರ ಆಟಕ್ಕೆ ಹೆಣ್ಣುಮಗಳು ಸೀಟಿ ಹಿಡಿದದ್ದು ಅಲ್ಲಿ ಅದೇ ಮೊದಲು. ಒಂದು ತೀರ್ಪು ತಪ್ಪೆಂದಾದರೂ ಸೀಟಿ ಹೋಯಿತು. ಸಂಘದ ಕಾರ್ಯದರ್ಶಿ ವಿರೂಪಣ್ಣ ಬೆಳಿಗ್ಗೆಯೇ ಹಾಗೆಂದು ಖಡಕ್ಕಾಗಿ ಹೇಳಿದ್ದರು.

ಅಂಪೈರುಗಳು ಜಗಳಕ್ಕೆ ಬಿದ್ದರೆ ಕೊನೆಯ ಮಾತು ರೆಫ್ರಿಯದು. ರೆಫ್ರಿ ಮೀಸೆ ತಿರುವುತ್ತ ಬಂದರು.

"ಯಾರು ಔಟ್?"

ಅಯ್ಯಮ್ಮ ಬೆರಳು ತೋರಿಸಿದರು. ಮಾನ್ವಿಯ ಹುಡುಗರು ಕಿಲಾಡಿಗಳು. ಅಂಗಿಗೆ ನಂಬರಿಲ್ಲ, ಬೆರಳು ತಿರುಗಿದಂತೆಲ್ಲ ಜಾಗ ಬದಲಿಸಿ, ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ನಿಂತರು.

"ಬೆರಳು ಬ್ಯಾಡ. ಹೆಸರು ಹೇಳ್ರಿ."

"ಅವಾ... ಎತ್ತರದವ."

"ಎಲ್ಲಾರೂ ಎತ್ತರ ಅದಾರ. ಹೆಸರು?"

ಅಯ್ಯಮ್ಮನವರ ಮುಖ ಕೆಂಪೇರಿತು. ಗೆರೆ ದಾಟಿದವನು ಗಡಿಗೆಪ್ಪ. ಆ ಚೆಲುವನ ಹೆಸರನ್ನು ಜನ ಬೆಳಗಿನಿಂದ ಕೂಗುತ್ತಲೇ ಇದ್ದರು, ಗೊತ್ತಿಲ್ಲ ಎನ್ನುವಂತಿಲ್ಲ. ಆದರೂ ಅಯ್ಯಮ್ಮನವರಿಗೆ ಬಾಯಿ ಬರಲಿಲ್ಲ. ಜನಕ್ಕೆ ಅಷ್ಟು ಸಾಕಾಯಿತು.

"ಮೇಡಂಗ ನಾಚಿಕಿ ಬಂತಲೇ! ಏನೋ ಅದ!"

"ಹೆಣ್ಮಕ್ಕಳಿಗೆ ಸೀಟಿ ಕೊಟ್ರ ಹಿಂಗs ಆಗ್ತದ," ಎಂದು ವಿರೂಪಣ್ಣ ಕುರ್ಚಿಯಿಂದ ಎದ್ದೇಬಿಟ್ಟರು.

ಅಯ್ಯಮ್ಮ ರೆಫ್ರಿಯ ಹತ್ತಿರ ಸರಿದು ಪಿಸುಗುಟ್ಟಿದರು. "ಇಲ್ಲಿ ಕೇಳ್ರಿ. ನಿಮಗ ಎಲ್ಲಾ ಗೊತ್ತದ. ಯಾಕ ಸತಾಯಿಸ್ತೀರಿ?"

"ನನಗೇನೂ ಗೊತ್ತಿಲ್ಲ. ಹೆಸರು ಹೇಳ್ರಿ, ಇಲ್ಲಾಂದ್ರ ಔಟಿಲ್ಲ."

ಮಾತೇನೋ ಗಟ್ಟಿ, ಆದರೆ ರೆಫ್ರಿ ಮೀಸೆಯಡಿ ನಗುತ್ತಿದ್ದರು. ಮಾನ್ವಿಯವರ ಚಹಾ ಕುಡಿದಿರಬೇಕು ಎಂದು ದೇವದುರ್ಗದವರು ಹಲ್ಲು ಕಡಿದರು.

ಅಯ್ಯಮ್ಮನವರಿಗೆ ಸಿಟ್ಟು ನೆತ್ತಿಗೇರಿತು. ಸೀಟಿ ಉಳಿಯಬೇಕಲ್ಲ! ಕಣ್ಣು ಮುಚ್ಚಿ ಒಂದೇ ಉಸಿರಿಗೆ ಅಂದುಬಿಟ್ಟರು:

"ಹೋಳಿಗಿ ಮ್ಯಾಲ ತುಪ್ಪ, ಗೆರಿ ದಾಟೋದು ತಪ್ಪ, ಔಟಾದವ ಮಾನ್ವಿ ಗಡಿಗೆಪ್ಪ!"

ಹೆಂಗಸರ ಸಾಲಿನಲ್ಲಿ ಮುದುಕಿ ಜಂಬಮ್ಮ ಕಿಸಕ್ಕೆಂದಳು.

"ಯವ್ವಾ, ಮದುವ್ಯಾಗ ಗಂಡನ ಹೆಸರು ಒಡಪು ಕಟ್ಟಿ ಹೇಳ್ದಂಗ ಹೇಳ್ತಾಳಲ್ಲ ಇಕಿ!"

ಮಾನ್ವಿಯ ಗಡಿಗೆಪ್ಪ ತಲೆ ತಗ್ಗಿಸಿ ಹೊರನಡೆದ. ದೇವದುರ್ಗ ಗೆದ್ದಿತು. ಆದರೆ ಆಟ ಮುಗಿಯಿತೆಂದು ಸೀಟಿ ಊದುವವರೇ ಇಲ್ಲ.

ತಾಳಿ ಕಟ್ಟಿದ ದಿನ ಎಷ್ಟು ಗೋಗರೆದರೂ ಹೆಂಡತಿ ಹೇಳದಿದ್ದ ಹೆಸರನ್ನು ಕೊನೆಗೂ ಆಕೆಯ ಬಾಯಿಂದಲೇ ಕೇಳಿದ ರೆಫ್ರಿ ಗಡಿಗೆಪ್ಪನವರು, ನಾಚಿಕೊಂಡು ನೆಲ ನೋಡುತ್ತಿದ್ದರು.